ಮಾವನ ಮನೆಯಲ್ಲಿ ಯಾವುದೂ ಕಂಡಮ್ ಅಲ್ಲ

ನನ್ನ ಸೋದರಮಾವನವರ ಮನೆಯಲ್ಲಿ ಕಸದ ಬುಟ್ಟಿಗಳು ನಾಲ್ಕಿದ್ದವು. ಕಸ ಹಾಕಲು ಒಂದೂ ಇರಲಿಲ್ಲ. ಒಂದರಲ್ಲಿ ಬಾಗಿಲ ಚಿಲಕಗಳು, ಇನ್ನೊಂದರಲ್ಲಿ ಸುಟ್ಟುಹೋದ ಬಲ್ಬುಗಳು, ಮೂರನೆಯದರಲ್ಲಿ ಛತ್ರಿಯ ಕಡ್ಡಿಗಳು. ನಾಲ್ಕನೆಯದು ಖಾಲಿ ಇತ್ತು ನಿಜ, ಆದರೆ ಅದಕ್ಕೆ ತಳವಿರಲಿಲ್ಲ. ತಳವಿಲ್ಲದ ಬುಟ್ಟಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ಮಾವ, ಹೀಗೂ ಒಂದು ಪ್ರಶ್ನೆಯುಂಟೇ ಎಂಬ ಮುಖ ಮಾಡಿ, "ಎಲ್ಲಾದ್ರೂ ಒಂದು ತಳ ಸಿಗುತ್ತೆ" ಎನ್ನುತ್ತಿದ್ದರು.

ಇಂಥ ಮನುಷ್ಯರನ್ನು ಜಿಪುಣರೆಂದು ತಿಳಿಯಬೇಡಿ. ಜಿಪುಣನಿಗೆ ಕೊಡುವುದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಮಾವನಿಗೆ ಬಿಸಾಡುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಎರಡಕ್ಕೂ ಆಕಾಶ ಭೂಮಿಯ ಅಂತರವುಂಟು. ಆ ಅಂತರದಲ್ಲೂ ಒಂದಿಷ್ಟು ಜಾಗ ಸಿಕ್ಕಿದ್ದರೆ ಮಾವ ಅಲ್ಲೊಂದು ಹಳೇ ಬೀರು ತಂದು ನಿಲ್ಲಿಸುತ್ತಿದ್ದರು, ಆ ಮಾತು ಬೇರೆ.

ಅವರ ಮನೆ ಇದ್ದದ್ದು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ. ಎಂಬತ್ತರ ದಶಕದ ಮಾತು. ಮುಂಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಪೂರ್ತಿ ತೆರೆದರೆ ಅದರ ಹಿಂದೆ ವಿಶ್ರಾಂತಿ ಪಡೆಯುತ್ತಿದ್ದ, ಚಕ್ರಗಳಿಲ್ಲದ ಸೈಕಲ್ಲಿಗೆ ಪೆಟ್ಟಾಗುತ್ತಿತ್ತು. ಹೀಗಾಗಿ ಬಂದವರೆಲ್ಲ ಎಡಭುಜ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ಗೃಹಪ್ರವೇಶ ಮಾಡಬೇಕಾಗಿತ್ತು. ಒಳಗೂ ಅದೇ ನಡಿಗೆ. ಕಾಲಕ್ರಮೇಣ ಅದು ಮೈಗೆ ಹತ್ತಿಬಿಡುತ್ತಿತ್ತು. ಬಸ್ ಸ್ಟಾಪಿನಲ್ಲಿ ಯಾರಾದರೂ ಏಡಿಯ ಹಾಗೆ ನಡೆದು ಬರುತ್ತಿದ್ದರೆ ಅವರು ನಮ್ಮ ಮಾವನಿಗೆ ಬೇಕಾದವರೆಂದು ನಾನು ಧೈರ್ಯವಾಗಿ ನಮಸ್ಕಾರ ಹಾಕುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ.

ಇಷ್ಟಾಗಿ ಈ ಮಹಾನುಭಾವರ ಉದ್ಯೋಗವೇನು ಬಲ್ಲಿರಾ? ಹತ್ತಿರದ ಕಾರ್ಖಾನೆಯೊಂದರಲ್ಲಿ ಕಂಡಮ್ ಮಾಡುವುದು! ಕಂಡಮ್, ಅಂದರೆ ಇನ್ನು ಕೆಲಸಕ್ಕೆ ಬಾರದ್ದು, ಎಂಬುದು ಬೆಂಗಳೂರಿನಲ್ಲಿ ಸಕಲರಿಗೂ ತಿಳಿದ ಮಾತು. ಬಸ್ಸು ಕಂಡಮ್, ಸ್ಕೂಟರ್ ಕಂಡಮ್, ವಯಸ್ಸಾದವರ ಮಂಡಿ ಕಂಡಮ್. ಆದರೆ ಕಾರ್ಖಾನೆಯಲ್ಲಿ ಹಾಗೆಲ್ಲ ಬಾಯಿಗೆ ಬಂದಂತೆ ಕಂಡಮ್ ಅನ್ನುವ ಹಾಗಿಲ್ಲ. ಅದಕ್ಕೊಂದು ಕಮಿಟಿ ಉಂಟು. ಮೂವರು ಕೂತು, ವಸ್ತುವನ್ನು ಮುಂದಿಟ್ಟುಕೊಂಡು, ಗಂಭೀರವಾಗಿ ನೋಡಿ, ಮೂವರೂ ತಲೆಯಾಡಿಸಿದರೆ ಮಾತ್ರ ಅದು ಕಂಡಮ್. ಇಬ್ಬರು ಆಡಿಸಿ ಒಬ್ಬರು ಸುಮ್ಮನಿದ್ದರೆ ತುಕ್ಕು ಹಿಡಿದ ನಟ್ಟು ಕೂಡ ಸರ್ವೀಸಿನಲ್ಲಿ ಮುಂದುವರಿಯುತ್ತದೆ. ಮಾವ ಆ ಕಮಿಟಿಯ ಖಾಯಂ ಸದಸ್ಯರು.

"ಫ್ಯಾಕ್ಟರೀಲಿ ದಿನಾ ಮಾಡೋದನ್ನ ಮನೇಲಿ ಒಂದು ದಿನ ಮಾಡಬಾರ್ದಾ?" ಎಂದು ಅತ್ತೆ ಕೇಳುತ್ತಿದ್ದರು. ಅತ್ತೆ ಎಂದರೆ ಮಾವನ ಧರ್ಮಪತ್ನಿ. ಆ ಮನೆಯಲ್ಲಿ ಪೂರ್ತಿ ಕೆಲಸ ಮಾಡುವ ಸ್ಥಿತಿಯಲ್ಲಿದ್ದ ಏಕೈಕ ಯಂತ್ರ.

"ಬೆಳಗಿಂದ ಸಾಯಂಕಾಲದವರೆಗೂ ಕಂಡಮ್ ಕಂಡಮ್ ಅಂದು ನಾಲಿಗೆ ಕಹಿಯಾಗಿರುತ್ತೆ ಕಣೇ. ಮನೇಲೂ ಅದೇ ಮಾಡು ಅಂದ್ರೆ ಓವರ್‌ಟೈಮ್ ಯಾರು ಕೊಡ್ತಾರೆ?"

ಮನೆಯಲ್ಲಿ ಮಾವನ ನಾಲಿಗೆ ಸಿಹಿ ಮಾಡಿಕೊಳ್ಳುತ್ತಿದ್ದ ಮಾತು ಒಂದೇ: "ಇರ್ಲಿ." ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಮುರುಕು ಏಣಿ? ಇರ್ಲಿ. ಗಾಳಿಯೇ ಬಾರದ ಹಾರ್ಮೋನಿಯಂ? ಇರ್ಲಿ. ಹೊಟ್ಟೆಯೊಳಗೆ ಏನೂ ಇಲ್ಲದ ರೇಡಿಯೋ ಪೆಟ್ಟಿಗೆ? ಪಾಪ, ಇರ್ಲಿ. ಕನ್ನಡದಲ್ಲಿ ಈ ಮಾತಿಗಿರುವ ಶಕ್ತಿಯನ್ನು ಪಂಡಿತರು ಸರಿಯಾಗಿ ಗಮನಿಸಿದಂತಿಲ್ಲ. ಬೇಕು ಎನ್ನುವುದಕ್ಕೂ ಇರ್ಲಿ, ಬೇಡ ಎನ್ನುವುದಕ್ಕೂ ಇರ್ಲಿ, ಕ್ಷಮಿಸಿದ್ದೇನೆ ಎನ್ನುವುದಕ್ಕೂ ಇರ್ಲಿ, ಆಮೇಲೆ ನೋಡ್ಕೋತೀನಿ ಎನ್ನುವುದಕ್ಕೂ ಇರ್ಲಿ. ಮಾವ ಮಾತ್ರ ಇದನ್ನು ಅದರ ಮೂಲಾರ್ಥದಲ್ಲಿ, ಅಪ್ಪಟವಾಗಿ ಬಳಸುತ್ತಿದ್ದರು. ಇರ್ಲಿ ಎಂದರೆ ಅದು ಅಲ್ಲಿ ಇರುತ್ತದೆ. ಇದ್ದೇ ಇರುತ್ತದೆ.

ಅತ್ತೆ ಇದಕ್ಕೆ ಪ್ರತಿಭಟನೆಯಾಗಿ ಆ ಮಾತನ್ನೇ ತಮ್ಮ ಬಾಯಿಂದ ಗಡೀಪಾರು ಮಾಡಿದ್ದರು. ಸಾರು ಇನ್ನೊಂದು ಸೌಟು ಹಾಕಲೇ ಎಂದರೆ "ಹಾಕು" ಎನ್ನುತ್ತಿದ್ದರು, ಇಲ್ಲವೇ "ಸಾಕು" ಎನ್ನುತ್ತಿದ್ದರು. ನಡುವಿನದಕ್ಕೆ ಅವರಲ್ಲಿ ಜಾಗವಿರಲಿಲ್ಲ. ಮನೆಯಲ್ಲೂ ಇರಲಿಲ್ಲವಲ್ಲ!

ನಾನು ಆ ಮನೆಗೆ ಬಂದದ್ದು ಒಂದು ಇಂಟರ್‌ವ್ಯೂ ನೆಪದಲ್ಲಿ, ಕೈಯಲ್ಲೊಂದು ತಗಡಿನ ಟ್ರಂಕು ಹಿಡಿದು. ಎರಡು ದಿನದಲ್ಲಿ ಹೊರಡುವವನು ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ಅಡ್ಡಡ್ಡ ನಡೆಯುವ ವಿದ್ಯೆ ಇನ್ನೂ ಬಾರದಿದ್ದರಿಂದ ನಾನೂ ಟ್ರಂಕೂ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾಗ, ಇವನನ್ನು ಎಲ್ಲಿ ಮಲಗಿಸೋದು ಎಂದು ಅತ್ತೆ ಮಾವನನ್ನು ವಿಚಾರಿಸುತ್ತಿದ್ದುದು ಕೇಳಿಸಿತು. ನ್ಯಾಯವಾದ ಪ್ರಶ್ನೆ. ಮಾವ ನನ್ನನ್ನೊಮ್ಮೆ, ಟ್ರಂಕನ್ನೊಮ್ಮೆ ನೋಡಿ, "ಇರ್ಲಿ ಬಿಡೇ" ಎಂದರು. ಕೆಲಸ ಸಿಕ್ಕಿತು, ನಾನು ಉಳಿದೆ. ಆ ಮನೆಗೆ ಬಂದ ಯಾವುದೂ ಹೊರಗೆ ಹೋದದ್ದಿಲ್ಲ ಎಂಬ ನಿಯಮಕ್ಕೆ ನಾನೂ ಅಪವಾದವಾಗಲಿಲ್ಲ. ಅತ್ತೆ ಊಟ ಬಡಿಸಿದರು, ಜ್ವರ ಬಂದರೆ ಕಷಾಯ ಕಾಸಿಕೊಟ್ಟರು, ತಲೆಗೆ ಎಣ್ಣೆ ಕಾಣಿಸೋ ಅಂತ ಬೈದರು. ಆದರೆ ನಾನು ಅವರ ಲೆಕ್ಕದಲ್ಲಿ ಮನುಷ್ಯರ ಪಟ್ಟಿಯಲ್ಲಿದ್ದೆನೋ, ಮಾವ ತಂದುಕೊಂಡ ಸಾಮಾನುಗಳ ಪಟ್ಟಿಯಲ್ಲಿದ್ದೆನೋ, ಅದು ಮಾತ್ರ ನನಗೆ ಖಚಿತವಿರಲಿಲ್ಲ.

ನನ್ನ ಮಂಚ ಮುಂದಿನ ರೂಮಿನಲ್ಲಿ. ಮನೆಗೆಲ್ಲ ದೊಡ್ಡ ಕಿಟಕಿ ಇದ್ದ ರೂಮು ಅದೇ. ಕಿಟಕಿ ಕಾಣುತ್ತಿರಲಿಲ್ಲ ಎಂಬುದೊಂದೇ ಕೊರತೆ. ಹಾರ್ಮೋನಿಯಂ ನನ್ನ ತಲೆದೆಸೆಗೆ, ರೇಡಿಯೋ ಪೆಟ್ಟಿಗೆ ಕಾಲದೆಸೆಗೆ, ಗೋಡೆಗೊರಗಿ ಒಂದು ಊರುಗೋಲು, ಮತ್ತು ರೂಮಿನ ನಟ್ಟನಡುವೆ, ಸಿಂಹಾಸನದ ಗತ್ತಿನಲ್ಲಿ, ಒಂದು ಕ್ಷೌರದ ಕುರ್ಚಿ.

ಹೌದು, ಕ್ಷೌರದ ಕುರ್ಚಿ. ನಮ್ಮ ರಸ್ತೆಯ ಮೂಲೆಯಲ್ಲಿದ್ದ ಕ್ಷೌರದಂಗಡಿಯವನು ಹೊಸ ಕುರ್ಚಿಗಳನ್ನು ತರಿಸಿ ಹಳೆಯದನ್ನು ಚರಂಡಿಯ ಪಕ್ಕ ಇಟ್ಟಿದ್ದ. ಮಾವ ಕಣ್ಣಾರೆ ನೋಡಿದರು; ಇನ್ನೇನು ಬೇಕು? ಕಬ್ಬಿಣದ ಕಾಲು, ಕಪ್ಪು ರೆಕ್ಸಿನ್ನು, ಹಿಂದಕ್ಕೆ ಬಾಗುವ ಬೆನ್ನು, ತಲೆಯಿಡಲು ಹಲ್ಲುಹಲ್ಲಾಗಿ ಮೇಲೆ ಕೆಳಗೆ ಸರಿಯುವ ದಿಂಬು. ಮನೆಗೆ ಬಂದ ಅತಿಥಿಗಳಿಗೆ ಅದೇ ಆಸನ, ಯಾಕೆಂದರೆ ಬೇರೆ ಕುರ್ಚಿಗಳ ಮೇಲೆ ಆಗಲೇ ಏನೇನೋ ಆಸೀನವಾಗಿರುತ್ತಿದ್ದವು. ಆ ಕುರ್ಚಿಯ ಮಹಿಮೆಯೆಂದರೆ ಯಾರು ಕೂತರೂ ತಮಗರಿವಿಲ್ಲದೆ ಗಲ್ಲ ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದರು. ಮಾವನ ಮೇಲಧಿಕಾರಿ ಒಮ್ಮೆ ಮನೆಗೆ ಬಂದು, ಕಾರ್ಖಾನೆಯ ಶಿಸ್ತಿನ ಬಗ್ಗೆ ಮಾವನಿಗೆ ನಾಲ್ಕು ಮಾತು ಹೇಳಲೆಂದು ಕೂತವರು, ಗಲ್ಲ ಎತ್ತಿಕೊಂಡು ಸೂರು ನೋಡುತ್ತಾ ಮಾತೇ ಮರೆತು, ಕಾಫಿ ಕುಡಿದು, ಎದ್ದು ಹೋಗುವಾಗ ಕೆನ್ನೆ ಸವರಿಕೊಂಡು ಹೋದರು.

ಅತ್ತೆಗೆ ಎಲ್ಲ ಸಾಮಾನುಗಳಿಗಿಂತ ಅದರ ಮೇಲೆ ವಿಶೇಷ ಕೋಪ. ಅದನ್ನು ಹೆಸರಿಟ್ಟು ಕರೆಯುತ್ತಲೂ ಇರಲಿಲ್ಲ. "ಆ ಅನಿಷ್ಟ" ಎನ್ನುತ್ತಿದ್ದರು. ಮಧ್ಯಾಹ್ನ ಅಕ್ಕಿ ಆರಿಸಲು ಬೆಳಕಿರುವ ಜಾಗ ಬೇರೆ ಇಲ್ಲವೆಂದು ಗೊಣಗುತ್ತಾ, ಮೊರ ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಕೂರುತ್ತಿದ್ದರು, ಅಷ್ಟೆ. ಕಿಟಕಿಯೇ ಕಾಣದ ಆ ರೂಮಿನಲ್ಲಿ ಬೆಳಕು ಎಲ್ಲಿಂದ ಬರುತ್ತಿತ್ತು ಎಂದು ನಾವು ಯಾರೂ ಕೇಳಲಿಲ್ಲ.

ಹಾಗಂತ ಈ ಸಾಮಾನುಗಳಿಂದ ಲೋಕಕ್ಕೆ ಉಪಕಾರವಾಗಲಿಲ್ಲವೇ? ಆಯಿತು. ನಮ್ಮ ರಸ್ತೆಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಸ್ಟೌವಿನ ಪಿನ್ನು ಕಳೆದರೂ, ಟಿ.ವಿ. ಆಂಟೆನಾ ಕಟ್ಟಲು ಯಾರಿಗೆ ತಂತಿ ಬೇಕಾದರೂ ಮೊದಲು ಬರುತ್ತಿದ್ದುದು ನಮ್ಮ ಬಾಗಿಲಿಗೆ. "ಸಾರ್, ಒಂದು ವಾಷರ್ ಇದೆಯಾ?" ಎಂಬ ದನಿ ಕೇಳಿದರೆ ಮಾವನ ಮುಖದಲ್ಲಿ ದೀಪ ಹತ್ತುತ್ತಿತ್ತು. ಎದುರು ಮನೆಯ ಬಸ್ ಕಂಡಕ್ಟರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ದಿನವಂತೂ ಮಾವನಿಗೆ ಹಬ್ಬ. ಗೋಡೆಗೊರಗಿದ್ದ ಊರುಗೋಲನ್ನು ಒರೆಸಿ, ಎಣ್ಣೆ ಹಚ್ಚಿ, ಸ್ವತಃ ಹೊತ್ತುಕೊಂಡು ಹೋದರು. ಒಂದೇ ಊರುಗೋಲು ಹೇಗೆ ಸಾಕಾಗುತ್ತೆ ಎಂದು ಕಂಡಕ್ಟರು ನರಳುತ್ತಾ ಕೇಳಿದರೆ, "ಮುರಿದಿರೋದು ಒಂದೇ ಕಾಲಲ್ವಾ?" ಎಂದು ಸಮಾಧಾನ ಹೇಳಿ ಬಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೋಡಿದ್ಯಾ?" ಎಂದರು. ಈ ನೋಡಿದ್ಯಾ ಎಂಬುದು ಆ ತಿಂಗಳು ಪೂರ್ತಿ ಕಾಫಿಗೂ ಊಟಕ್ಕೂ ನಂಚಿಕೊಳ್ಳಲು ಬಂತು.

ಇವರ ಎದುರಿಗೆ ವಿಧಿ ತಂದು ನಿಲ್ಲಿಸಿದ್ದು ಕೆಂಗೇರಿಯವರನ್ನು. ಕೆಂಗೇರಿಯವರು ಎಂದರೆ ಅತ್ತೆಯ ತಂಗಿಯ ಗಂಡ, ಮಾವನಿಗೆ ಷಡ್ಡಕ. ಅಕ್ಕತಂಗಿಯರನ್ನು ಕೊಡುವಾಗ ಅವರ ತಂದೆ ಅಳಿಯಂದಿರನ್ನು ಎರಡು ಧ್ರುವಗಳಿಂದ ಆರಿಸಿ ತಂದಿದ್ದರೆಂದು ಕಾಣುತ್ತದೆ. ಕೆಂಗೇರಿಯ ಮನೆಯಲ್ಲಿ ಏನೂ ಇರಲಿಲ್ಲ. ಏನೂ ಎಂದರೆ ಏನೂ! ಗೋಡೆಗೆ ಮೊಳೆಯಿಲ್ಲ, ಮೂಲೆಗೆ ಸ್ಟೂಲಿಲ್ಲ. ಜನ ಎಷ್ಟೋ ಲೋಟ ಅಷ್ಟೇ. ನಾವು ಹೋದರೆ ಮೊದಲು ಮನೆಯವರು ಕುಡಿದು, ತೊಳೆದು, ಆಮೇಲೆ ನಮಗೆ ಕೊಡುತ್ತಿದ್ದರು. ಬೆಳಗಿನ ಪೇಪರು ಮಧ್ಯಾಹ್ನದ ಹೊತ್ತಿಗೆ ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಒಮ್ಮೆ ಮಾವ ಅಲ್ಲಿ ಮುಖ ತೊಳೆಯಲು ಕನ್ನಡಕ ತೆಗೆದಿಟ್ಟರು. ಒರೆಸಿಕೊಂಡು ತಿರುಗುವಷ್ಟರಲ್ಲಿ ಕೆಂಗೇರಿಯವರು, ಯಾರೋ ಬಿಟ್ಟುಹೋಗಿದ್ದಾರೆ, ಬೇಕಾದವರಿಗೆ ಕೊಟ್ಟುಬಿಡು ಎಂದು ಅದನ್ನು ಹಾಲಿನವನ ಕೈಗೆ ದಾಟಿಸುತ್ತಿದ್ದರು. ಕನ್ನಡಕವಿಲ್ಲದ ಮಾವನಿಗೆ ಯಾರು ಯಾರ ಕೈಗೆ ಏನು ಕೊಡುತ್ತಿದ್ದಾರೆಂದು ಕಾಣಿಸಲೇ ಇಲ್ಲ. ಅಂದಿನಿಂದ ಮಾವ ಆ ಮನೆಗೆ ಹೋದರೆ ಹೊರಡುವವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪಿಕೊಂಡೇ ಕೂರುತ್ತಿದ್ದರು.

ಕೆಂಗೇರಿಯವರು ನಮ್ಮಲ್ಲಿಗೆ ಬಂದರೆ ಕೂರುತ್ತಲೇ ಇರಲಿಲ್ಲ. ಮೈಗೆ ಏನೂ ತಾಗದ ಹಾಗೆ ಕೈಕಟ್ಟಿ ನಿಂತು, "ನಿಮ್ಮ ಮನೇಲಿ ಮನುಷ್ಯ ಕಳೆದುಹೋದ್ರೆ ಸಿಗಲ್ಲ" ಎನ್ನುತ್ತಿದ್ದರು.

"ನಿಮ್ಮ ಮನೇಲಿ ಮನುಷ್ಯ ಬಿಟ್ರೆ ಇನ್ನೇನೂ ಸಿಗಲ್ಲ" ಎನ್ನುತ್ತಿದ್ದರು ಮಾವ.

ಹೀಗೆ ತಮಾಷೆಯಾಗಿ ನಡೆದುಕೊಂಡು ಹೋಗುತ್ತಿದ್ದ ಸಂಸಾರದಲ್ಲಿ ಒಂದು ಚಳಿಗಾಲ ಅತ್ತೆಗೆ ಉಬ್ಬಸ ಹಿಡಿಯಿತು. ಮೊದಮೊದಲು ಕೆಮ್ಮು ಎಂದರು, ಆಮೇಲೆ ನೆಗಡಿ ಎಂದರು, ಆಮೇಲೆ ಮಾತಾಡುವುದನ್ನೇ ಕಡಿಮೆ ಮಾಡಿದರು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಬೈಗುಳ ಅರ್ಧಕ್ಕೇ ನಿಂತರೆ ಕೇಳುವವರಿಗೂ ಗಾಬರಿಯಾಗುತ್ತದೆ. ಮಾವ ಬಸವೇಶ್ವರನಗರದಿಂದ ಒಬ್ಬ ಡಾಕ್ಟರನ್ನು ಮನೆಗೇ ಕರೆದುಕೊಂಡು ಬಂದರು.

ಡಾಕ್ಟರು ಸ್ಥೂಲಕಾಯರು. ಬಾಗಿಲು ದಾಟುವಷ್ಟರಲ್ಲೇ ಅವರಿಗೂ ಸ್ವಲ್ಪ ಉಬ್ಬಸ ಬಂತು. ಕುರ್ಚಿಯಲ್ಲಿ ಕೂತರು, ಯಥಾಪ್ರಕಾರ ಗಲ್ಲ ಮೇಲೆತ್ತಿದರು. ಆ ಕೋನದಿಂದ ಅವರಿಗೆ ಅಟ್ಟದ ಮೇಲೆ ಸೂರಿನವರೆಗೂ ಪೇರಿಸಿಟ್ಟಿದ್ದ ಸಮಸ್ತ ವೈಭವವೂ, ಅದರ ಮೇಲೆ ಬೆರಳು ದಪ್ಪ ಕೂತಿದ್ದ ಧೂಳೂ ಸ್ಪಷ್ಟವಾಗಿ ಗೋಚರಿಸಿತು.

"ಸಾರ್, ಇವರಿಗೆ ಬೇಕಾಗಿರೋದು ಗಾಳಿ. ನಿಮ್ಮ ಮನೇಲಿ ಗಾಳಿಗೆ ನಿಂತ್ಕೊಳ್ಳೋಕೂ ಜಾಗ ಇಲ್ಲ. ಒಂದಾ ಈ ಧೂಳು ಹೋಗ್ಬೇಕು, ಇಲ್ಲಾ ಇವರು ಹೋಗ್ಬೇಕು."

"ಎಲ್ಲಿಗೆ?" ಎಂದರು ಮಾವ.

ಡಾಕ್ಟರು ಅತ್ತೆಯ ಉಸಿರಿನ ಸಿಳ್ಳೆಗೆ ಮತ್ತೊಮ್ಮೆ ಕಿವಿಗೊಟ್ಟು, ಮಾತ್ರೆಯ ಚೀಟಿ ಬರೆದರು. ಮಾರನೆಯ ದಿನ ಅತ್ತೆ ಒಂದು ಬ್ಯಾಗು ಹಿಡಿದು ಕೆಂಗೇರಿಗೆ ಹೊರಟರು. ಮೂಲೆಯ ಬಸ್ ಸ್ಟಾಪಿನವರೆಗೆ ಬ್ಯಾಗು ಹೊತ್ತುಕೊಂಡು ಹೋದ ಮಾವ, ಬಸ್ಸು ಹೊರಟ ಮೇಲೂ ಬ್ಯಾಗು ಕೈಯಲ್ಲೇ ಇದೆಯೇನೋ ಎಂಬಂತೆ ಒಂದು ಪಕ್ಕಕ್ಕೆ ವಾಲಿಕೊಂಡೇ ವಾಪಸ್ ಬಂದರು.

ಆಮೇಲೆ ನಮಗೆ ಒಂದು ಪರಮ ಸತ್ಯದ ದರ್ಶನವಾಯಿತು. ಆ ಮನೆಯಲ್ಲಿ ಯಾವುದು ಎಲ್ಲಿದೆ ಎಂದು ಮಾವನಿಗೆ ಗೊತ್ತೇ ಇರಲಿಲ್ಲ! ಇಷ್ಟು ವರ್ಷ ಮಾವ "ಏನೇ, ಆ ಸಣ್ಣ ಸ್ಕ್ರೂ ಡ್ರೈವರ್ರು?" ಎನ್ನುವುದು, ಅತ್ತೆ ಒಗ್ಗರಣೆಯಿಂದ ತಲೆ ಎತ್ತದೆ, "ಹಾರ್ಮೋನಿಯಂ ಹಿಂದೆ, ಬಿಸ್ಕತ್ತಿನ ಡಬ್ಬಿ, ಅದರ ಒಳಗೆ" ಎನ್ನುವುದು. ಈ ಸಾಮಾನುಗಳನ್ನು ಕಂಡರಾಗದ ಹೆಂಗಸು ಅವುಗಳ ನೆಲೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದರು. ಈಗ ಮಾವ ಸಕ್ಕರೆ ಹುಡುಕಲು ಹೊರಟರೆ ಬಾಗಿಲ ತಿರುಗಣಿಗಳು ಸಿಗುತ್ತಿದ್ದವು. ತಿರುಗಣಿ ಹುಡುಕಿದರೆ ಸಕ್ಕರೆ ಸಿಗಬಹುದೆಂದು ಅದನ್ನೂ ಪ್ರಯತ್ನಿಸಿದೆವು. ಕಾಫಿಯನ್ನು ಬೆಲ್ಲ ಹಾಕಿ ಕುಡಿದೆವು. ಒಂದು ಸಾಯಂಕಾಲ ನಲ್ಲಿ ಸೋರುತ್ತಿದೆಯೆಂದು ಪಕ್ಕದ ಮನೆಯವರು ವಾಷರಿಗೆ ಬಂದರು. ಮಾವ ಅಭ್ಯಾಸಬಲದಿಂದ ಒಳಗೆ ತಿರುಗಿ "ಏನೇ, ಆ ವಾಷರ್ರು" ಎಂದವರು ಅಲ್ಲಿಗೇ ನಿಂತರು. ಪಕ್ಕದ ಮನೆಯವರು, ಪರವಾಗಿಲ್ಲ ಸಾರ್, ಸ್ವಲ್ಪಾನೇ ಸೋರ್ತಿರೋದು ಎಂದು ಹೊರಟುಹೋದರು.

ಮುಂದಿನ ಭಾನುವಾರ ನಾವಿಬ್ಬರೂ ಕೆಂಗೇರಿಗೆ ಹೋದೆವು. ಅತ್ತೆ ಖಾಲಿ ನಡುಮನೆಯ ಖಾಲಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಉಸಿರಿನ ಸಿಳ್ಳೆ ಕಡಿಮೆಯಾಗಿತ್ತು. ಕಣ್ಣ ಕೆಳಗೆ ಮಾತ್ರ ಕಪ್ಪಾಗಿತ್ತು. ಕೆಂಗೇರಿಯವರು ಅತ್ಯಂತ ಹೆಮ್ಮೆಯಿಂದ, ಧೂಳು ಅನ್ನೋದು ಈ ಮನೇಲಿ ಕೂರೋಕೆ ಜಾಗ ಹುಡುಕಿ ಸೋತು ಹೋಗುತ್ತೆ ಎಂದು ವಿವರಿಸಿ, ನಮಗೆ ಲೋಟ ತೊಳೆದು ತರಲು ಒಳಗೆ ಹೋದರು.

"ನಿದ್ದೆ ಬರುತ್ತಾ?" ಎಂದು ಮಾವ ಚೀಲ ಅಪ್ಪಿಕೊಂಡೇ ಮೆಲ್ಲಗೆ ಕೇಳಿದರು.

"ಎಲ್ಲಿ ಬರುತ್ತೆ? ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ಗೋಡೆಗೆ ಒರಗಿದ್ರೆ ಕತ್ತು ಹಿಡ್ಕೊಳ್ಳುತ್ತೆ." ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ನಾನು ಕೆಮ್ಮಿದ್ರೆ ಈ ಮನೆ ವಾಪಸ್ ಕೆಮ್ಮುತ್ತೆ ರೀ."

ಮಾವ ಪರೀಕ್ಷಾರ್ಥವಾಗಿ ಒಮ್ಮೆ ಕೆಮ್ಮಿದರು. ನಿಜ, ಕೆಮ್ಮಿತು.

ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಮುಂದಿನ ರೂಮೊಂದನ್ನ ಖಾಲಿ ಮಾಡ್ಸೋ. ಆ ಕಿಟಕಿ ಒಂದು ತೆಗೆದ್ರೆ ಸಾಕು, ನಾನು ಬಂದ್ಬಿಡ್ತೀನಿ. ನಿಮ್ಮ ಮಾವನಿಗೆ ನಾನು ಹೇಳಿದ್ರೆ ಅರ್ಥ ಆಗಲ್ಲ." ಬಸ್ಸಿನಲ್ಲಿ, ದೀಪಾಂಜಲಿ ನಗರ ದಾಟುವಾಗ, ಈ ಮಾತನ್ನು ಮಾವನಿಗೆ ಒಪ್ಪಿಸಿದೆ. ಮುಂದಿನ ರೂಮಿನಲ್ಲಿರುವ ಸಾಮಾನುಗಳಲ್ಲಿ ನಾನೂ ಒಬ್ಬ ಎಂಬುದು ನನಗೆ ಹೊಳೆದದ್ದು ಒಪ್ಪಿಸಿಯಾದ ಮೇಲೆ.

ಮಾವ ಇಳಿಯುವಾಗ, "ಕಮಿಟಿ ಕರೀಬೇಕು" ಎಂದರು.

ಕಮಿಟಿ ಸೇರಿತು. ಮಾವ, ನಾನು, ಮೂರನೆಯವರು ಎದುರು ಮನೆಯ ಕಂಡಕ್ಟರು. ಕಾಲು ಕೂಡಿಕೊಂಡಿತ್ತು, ನಿಷ್ಪಕ್ಷಪಾತಿ ಎಂದು ಹೆಸರಿತ್ತು. ಹಾರ್ಮೋನಿಯಂ ಮೊದಲು ವಿಚಾರಣೆಗೆ ಬಂತು. ಇದಕ್ಕೆ ನುಡಿಯೋಕೆ ಬರುತ್ತಾ ಎಂದು ಕಂಡಕ್ಟರು ಕೇಳಿದರು. ಇಲ್ಲ ಎಂದೆ. ನಿಮಗೆ ಹಾಡೋಕೆ ಬರುತ್ತಾ ಎಂದು ಮಾವನನ್ನು ಕೇಳಿದರು. ಇಲ್ಲ ಎಂದರು ಮಾವ. ಹಾಗಾದರೆ ಇಬ್ಬರೂ ಸರಿಸಮ, ಒಬ್ಬರನ್ನು ಮಾತ್ರ ಆಚೆಗೆ ಹಾಕೋದು ನ್ಯಾಯವಲ್ಲ ಎಂದು ತೀರ್ಪಾಯಿತು. ಕಾಲು ಕೂಡಿದ ಮೇಲೆ ಮನೆಗೆ ವಾಪಸ್ ಬಂದಿದ್ದ ಊರುಗೋಲಿನ ವಿಷಯ ಬಂದಾಗ ಕಂಡಕ್ಟರು ಭಾವುಕರಾಗಿ, ನಾಳೆ ನಾನು ಮತ್ತೆ ಬಿದ್ರೆ ಎಂದರು. ರೇಡಿಯೋ ಪೆಟ್ಟಿಗೆಯೊಳಗೆ ಬೀದಿಯ ಬೆಕ್ಕು ಮರಿ ಹಾಕಿರುವುದು ಬೆಳಕಿಗೆ ಬಂದು, ಬಾಣಂತಿಯನ್ನು ಎಬ್ಬಿಸಬಾರದೆಂದು ಪೆಟ್ಟಿಗೆಯ ಬಾಗಿಲು ಮೆಲ್ಲಗೆ ಒರಗಿಸಿದೆವು. ಊಟದ ಹೊತ್ತಿಗೆ ಒಟ್ಟಾರೆ ಕಂಡಮ್ ಆಗಿದ್ದು ಹಿಂದಿನ ವರ್ಷದ ಒಂದು ಕ್ಯಾಲೆಂಡರು. ಅದನ್ನೂ, ಹಿಂಬದಿ ಖಾಲಿ ಇದೆ, ಬರೆದುಕೊಳ್ಳೋಕೆ ಆಗುತ್ತೆ ಎಂದು ಕಂಡಕ್ಟರೇ ಸುತ್ತಿಕೊಂಡರು. ಇಂಥ ಮೂವರಿಗೆ ರಾಜ್ಯ ಒಪ್ಪಿಸಿದರೆ ಗಲ್ಲುಶಿಕ್ಷೆ ತಾನಾಗಿಯೇ ರದ್ದಾಗುತ್ತದೆ.

ಮಾವ ದಣಿದು ಕ್ಷೌರದ ಕುರ್ಚಿಯಲ್ಲಿ ಕೂತರು. ಕಾಲಿಗೆ ಏನೋ ತಗುಲಿತು. ಬಗ್ಗಿ ಎಳೆದರೆ ಅತ್ತೆಯ ಮೊರ. ಅದರಲ್ಲಿ ಅಕ್ಕಿ, ಒಂದು ಕಡೆ ಆರಿಸಿದ್ದು, ಇನ್ನೊಂದು ಕಡೆ ಆರಿಸದ್ದು, ನಡುವೆ ಬೆರಳಿನಲ್ಲಿ ಎಳೆದ ಗೆರೆ. ಮೇಲೆಲ್ಲ ತೆಳ್ಳಗೆ ಧೂಳು. ಮಾವ ಅದನ್ನು ಊದಲಿಲ್ಲ. ತುಂಬ ಹೊತ್ತು ನೋಡಿದರು.

"ಅರ್ಧಕ್ಕೇ ಬಿಟ್ಟು ಹೋಗಿದಾಳೆ ಕಣೋ," ಎಂದರು. ಆಮೇಲೆ ಎದ್ದು ನಿಂತು, "ಎಲ್ಲಾ ಆಚೆಗೆ" ಎಂದರು.

"ಎಲ್ಲಾ ಕಂಡಮ್ಮಾ ಸಾರ್?" ಎಂದು ಕಂಡಕ್ಟರು ನಡುಗುವ ದನಿಯಲ್ಲಿ ಕೇಳಿದರು.

"ಕಂಡಮ್ ಅಲ್ಲ. ಟ್ರಾನ್ಸ್‌ಫರ್."

ಸರ್ಕಾರಗಳಿಗೂ ಹೊಳೆಯದ ಉಪಾಯ! ಆ ವಾರವಿಡೀ ಮಾವ ಕಾರ್ಖಾನೆಯಿಂದ ಬಂದವರೇ, ಒಂದೊಂದು ಸಾಮಾನು ಹೊತ್ತುಕೊಂಡು, ರಸ್ತೆಯ ಒಂದೊಂದು ಮನೆಯ ಬಾಗಿಲು ತಟ್ಟಿದರು. ಯಾವತ್ತೋ ವಾಷರಿಗೆ ಬಂದವರು, ಪಿನ್ನಿಗೆ ಬಂದವರು, ತಂತಿಗೆ ಬಂದವರು. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆಂಟಿಗೆ ಹುಷಾರಾಗಲಿ ಸಾರ್ ಎನ್ನುತ್ತಾ ಬಾಗಿಲು ಪೂರ್ತಿ ತೆರೆದು ಒಳಗೆ ಬರಮಾಡಿಕೊಂಡರು. ಹಾರ್ಮೋನಿಯಂ ಮೂಲೆಮನೆಯ ರಿಟೈರ್ಡ್ ಮೇಷ್ಟರಲ್ಲಿಗೆ, ಚಕ್ರವಿಲ್ಲದ ಸೈಕಲ್ಲು ಹಿಟ್ಟಿನ ಗಿರಣಿಗೆ, ಬೆಕ್ಕು ಸಂಸಾರಸಮೇತ ಪಕ್ಕದ ಮನೆಯ ಜಗಲಿಗೆ. ಕ್ಷೌರದ ಕುರ್ಚಿಯನ್ನು ಕಂಡಕ್ಟರೇ ಬಾಯಿಬಿಟ್ಟು ಕೇಳಿ ಪಡೆದುಕೊಂಡರು; ದಿನವೆಲ್ಲ ನಿಂತೇ ಇರುವ ಉದ್ಯೋಗ ಅವರದು.

ಶನಿವಾರ ರೂಮು ತೊಳೆದೆವು. ಕಿಟಕಿ ಸಿಕ್ಕಿತು. ತೆರೆದರೆ ಹಸಿರು ಬಣ್ಣದ್ದು, ಮನೆಯವರಿಗೇ ಗೊತ್ತಿರಲಿಲ್ಲ. ಗಾಳಿ ಬಂದು, ಎಲ್ಲಿಂದ ಶುರುಮಾಡಲಿ ಎಂದು ತಿಳಿಯದವರ ಹಾಗೆ ಒಂದು ಸುತ್ತು ತಿರುಗಿ ಹೋಯಿತು. ಮಾವ ಹೊಸ್ತಿಲಲ್ಲಿ ನಿಂತು ಖಾಲಿ ರೂಮನ್ನು ಕಣ್ತುಂಬ ನೋಡಿದರು. ಆಮೇಲೆ ಎಡಭುಜ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ಒಳಗೆ ಹೋದರು.

ನನ್ನ ಮಂಚವನ್ನು ನಾನೇ ಬಿಚ್ಚಿ ಹಿತ್ತಿಲಿಗೆ ಹಾಕಿದೆ. ಆಫೀಸಿನ ಸ್ನೇಹಿತನೊಬ್ಬ ಸುಂಕದಕಟ್ಟೆಯ ಕಡೆ ಒಂದು ರೂಮಿದೆ, ಬಾ ಎಂದಿದ್ದ. ಅತ್ತೆ ರೂಮು ಖಾಲಿಯಾಗಬೇಕು ಎಂದಿದ್ದರು. ಎರಡು ದಿನಕ್ಕೆ ಬಂದವನು ವಿನಾಯಿತಿ ಕೇಳುವುದಾದರೂ ಯಾವ ಮುಖದಿಂದ? ನಾನು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಾಗ ಮಾವ ಬಾಗಿಲಿಗೆ ಬಂದರು. ಬಾಯಿ ತೆರೆದರು, ಮುಚ್ಚಿದರು. ಆ ವಾರವೆಲ್ಲ ಅವರು ಇರ್ಲಿ ಎಂಬ ಆ ಒಂದು ಮಾತನ್ನು ಬಾಯಿಂದ ಹೊರಡಿಸಿರಲಿಲ್ಲ. ಒಂದಕ್ಕೆ ಅಂದರೆ ಎಲ್ಲದಕ್ಕೂ ಅಂದುಬಿಟ್ಟೇನು ಎಂಬ ಭಯವಿತ್ತೆಂದು ಕಾಣುತ್ತದೆ. ಹಗ್ಗದ ತುದಿ ಹಿಡಿದು, ಗಂಟು ಬಿಗಿಯಾಗಲೆಂದು ಬೆರಳು ಒತ್ತಿ ಕೊಟ್ಟು, ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಕೆಂಗೇರಿಯವರೇ ಅತ್ತೆಯನ್ನು ಕರೆದುಕೊಂಡು ಬಂದರು. ಮುಂಬಾಗಿಲು ಪೂರ್ತಿ ತೆರೆದಿತ್ತು. ಕೆಂಗೇರಿಯವರು ನೇರವಾಗಿ ನಡೆದು ಬಂದು, ಮುಂದಿನ ರೂಮನ್ನು ನೋಡಿ, ಆ ಮನೆಯಲ್ಲಿ ಮೊಟ್ಟಮೊದಲ ಬಾರಿಗೆ ಕೂತರು. ನೆಲದ ಮೇಲೆ, ಪದ್ಮಾಸನ ಹಾಕಿ. "ಈಗ ಇದು ಮನೆ" ಎಂದರು.

'ನೋಡಿದ್ಯಾ' ಎನ್ನುವ ಹಕ್ಕಿಲ್ಲದ ಮಾವ ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದರು. ಬಸ್ಸಿನ ಆಯಾಸಕ್ಕೆ ಅತ್ತೆಯ ಉಸಿರು ಮತ್ತೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕಿಟಕಿ ನೋಡಿದರು. ನೆಲ ನೋಡಿದರು. ಆಮೇಲೆ ರೂಮಿನ ನಡುವೆ ಏನೂ ಇಲ್ಲದ ಜಾಗದತ್ತ ನೋಡಿದರು.

"ಅದೆಲ್ಲಿ?"

"ಯಾವುದು?" ಎಂದರು ಮಾವ.

"ಅದೇ, ಆ ಅನಿಷ್ಟ."

ಎಲ್ಲಾ ಟ್ರಾನ್ಸ್‌ಫರ್ ಆಯಿತೆಂದು ಮಾವ ತೊದಲಿದರು. ಅತ್ತೆ ಗೋಡೆಗೆ ಕೈಯೂರಿ ನಿಂತು, ಉಸಿರು ಹಿಡಿದು ಹಿಡಿದು ಹೇಳಿದರು. "ಬೆನ್ನು ಆನಿಸಿ, ಆ ದಿಂಬಿಗೆ ತಲೆ ಕೊಟ್ಟು ಕೂತ್ರೆ ಮಾತ್ರ ನಂಗೆ ಎದೆ ಬಿಡೋದು. ಅಲ್ಲೇ ಒಂದು ಗಳಿಗೆ ಕಣ್ಣು ಮುಚ್ತಿದ್ದೆ. ಮಧ್ಯಾಹ್ನವೆಲ್ಲ ನಾನು ಅಕ್ಕಿ ಆರಿಸ್ತಾ ಇದ್ದೆ ಅಂದ್ಕೊಂಡ್ರಾ ನೀವು?"

ಮಾವ ಆ ವಯಸ್ಸಿನಲ್ಲಿ ಓಡಿದ್ದನ್ನು ನಾನು ಅಂದೇ ನೋಡಿದ್ದು. ಎದುರು ಮನೆಯಲ್ಲಿ ಕಂಡಕ್ಟರು ಕುರ್ಚಿಯಲ್ಲಿ ಗಲ್ಲ ಎತ್ತಿ, ಬಾಯಿ ತೆರೆದು ನಿದ್ರಿಸುತ್ತಿದ್ದರು. ಎಬ್ಬಿಸುವಷ್ಟು ತಾಳ್ಮೆ ಮಾವನಿಗಿರಲಿಲ್ಲ. ಒಂದು ಕಡೆ ಅವರು, ಒಂದು ಕಡೆ ನಾನು ಹಿಡಿದು ಎತ್ತಿದೆವು. ಕಂಡಕ್ಟರು ತಮ್ಮ ಸ್ಟಾಪು ಬಂತೆಂದು ಇಳಿದುಕೊಂಡರು. ವಿಷಯ ತಿಳಿದ ಮೇಲೆ ಅವರೂ ಒಂದು ಕೈ ಹಾಕಿದರು. ಮೂವರು ಕಮಿಟಿ ಸದಸ್ಯರೂ ಹಾಡುಹಗಲಲ್ಲಿ ಕ್ಷೌರದ ಕುರ್ಚಿಯನ್ನು ಪಲ್ಲಕ್ಕಿಯಂತೆ ಹೊತ್ತು ರಸ್ತೆ ದಾಟಿದೆವು. ಮಾವ ಒದ್ದೆ ಬಟ್ಟೆಯಲ್ಲಿ ಅದರ ಸಂದುಸಂದನ್ನೂ ಒರೆಸಿ, ಕಿಟಕಿಗೆ ಎದುರಾಗಿ ಇಟ್ಟು, ತಲೆದಿಂಬನ್ನು ಮೇಲಕ್ಕೊಂದು ಹಲ್ಲು, ಕೆಳಕ್ಕೊಂದು ಹಲ್ಲು ಸರಿಸಿ ಸರಿಸಿ ನೋಡಿದರು. ಅತ್ತೆ ಕೂತರು. ತಲೆ ಹಿಂದಕ್ಕೆ ಕೊಟ್ಟರು. ಸಿಳ್ಳೆ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. ನಾವೆಲ್ಲ ಅವರ ಉಸಿರನ್ನೇ ಕೇಳುತ್ತಾ, ನಮ್ಮದನ್ನು ಬಿಗಿಹಿಡಿದು ನಿಂತಿದ್ದೆವು.

ಕೆಂಗೇರಿಯವರಿಗೆ ತಡೆಯಲಿಲ್ಲ. ಇಷ್ಟು ಚೆನ್ನಾಗಿ ಖಾಲಿಯಾಗಿದ್ದ ರೂಮಿಗೆ ಮತ್ತೆ ಇದನ್ನು ಯಾಕೆ ತಂದಿರಿ ಎಂದು ನೆಲದಿಂದಲೇ ಆಕ್ಷೇಪಿಸಿದರು.

ಅತ್ತೆ ಕಣ್ಣು ತೆರೆಯಲಿಲ್ಲ. "ಇರ್ಲಿ" ಎಂದರು.

ಮಾವ ಚಟ್ಟನೆ ಕಿಟಕಿಯ ಕಡೆ ತಿರುಗಿ, ಬಣ್ಣ ಎಲ್ಲೆಲ್ಲಿ ಹೋಗಿದೆ ಎಂದು ಪರೀಕ್ಷಿಸತೊಡಗಿದರು.

ಇದೇ ಸಮಯವೆಂದು ನಾನು ಟ್ರಂಕು ಎತ್ತಿಕೊಂಡೆ. ಬರ್ತೀನಿ ಅತ್ತೆ ಎಂದೆ. ಅತ್ತೆ ಒಂದೇ ಕಣ್ಣು ತೆರೆದರು. ಆ ಕಣ್ಣು ಟ್ರಂಕಿನ ಮೇಲೆ ಬಿತ್ತು, ಹಗ್ಗದ ಗಂಟಿನ ಮೇಲೆ ಬಿತ್ತು, ಕೊನೆಗೆ ನನ್ನ ಮೇಲೆ ಬಂದು ನಿಂತಿತು.

"ಅದೂ ಇರ್ಲಿ" ಎಂದು ಮತ್ತೆ ಕಣ್ಣು ಮುಚ್ಚಿದರು.

'ಅದು' ಎಂದದ್ದು ಟ್ರಂಕನ್ನೋ ನನ್ನನ್ನೋ ಎಂದು ನಾನು ಕೇಳಲಿಲ್ಲ. ಟ್ರಂಕು ಕೆಳಗಿಟ್ಟು ತಿರುಗಿ ನೋಡಿದರೆ ಕಿಟಕಿಯ ಬಳಿ ಮಾವ ಇರಲಿಲ್ಲ. ಹಿತ್ತಿಲಿನಿಂದ ನನ್ನ ಮಂಚದ ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಖಾಲಿಯಾಗಿದ್ದ ಆ ವಿಶಾಲವಾದ ದಾರಿಯಲ್ಲಿ, ಅಡ್ಡಡ್ಡವಾಗಿ ನಡೆದು ಬರುತ್ತಿದ್ದರು.